ಏನೂ ಹಾಕಲ್ಲ ಅಂದ್ರೆ ಯಾರೂ ನಂಬಲ್ಲ

"ಏನು ಹಾಕ್ತೀರಾ?"

ಇದೇ ಪ್ರಶ್ನೆ. ನಮಸ್ಕಾರ ಇಲ್ಲ, ಚೆನ್ನಾಗಿದ್ದೀರಾ ಅಂತ ಇಲ್ಲ. ಗೇಟಿನ ಹತ್ತಿರ ನಿಲ್ಲುತ್ತಾರೆ, ಬೇಲಿ ನೋಡುತ್ತಾರೆ, ಆಮೇಲೆ ನನ್ನ ಮುಖ ನೋಡಿ ಕೇಳುತ್ತಾರೆ. ನಮ್ಮದು ಬೆಂಗಳೂರಿನ ವಿದ್ಯಾರಣ್ಯಪುರದಲ್ಲಿ ಮೂಲೆ ಮನೆ. ರಸ್ತೆ ಕಡೆ ಗೋಡೆ ಮೊಣಕಾಲೆತ್ತರ ಅಷ್ಟೇ. ಅದರ ಹಿಂದೆ 40 ಅಡಿ ಉದ್ದಕ್ಕೆ 16 ಗುಲಾಬಿ ಗಿಡಗಳು ಒಂದರೊಳಗೊಂದು ಹೆಣೆದುಕೊಂಡು ಎದೆಮಟ್ಟದ ಬೇಲಿಯಾಗಿ ನಿಂತಿವೆ. ಡಿಸೆಂಬರ್‌ನಲ್ಲಿ ಬಂದರೆ ಎಲೆಗಿಂತ ಹೂವೇ ಜಾಸ್ತಿ ಕಾಣುತ್ತದೆ. ಕೇಳುವವರೆಲ್ಲ ಬರೋದೂ ಆವಾಗಲೇ. ಜುಲೈನಲ್ಲಿ ಕಪ್ಪು ಚುಕ್ಕೆ ರೋಗ ಬಂದು ಅರ್ಧ ಎಲೆ ಉದುರಿ, ಬೇಲಿ ಬೋಳು ಬೋಳಾಗಿ ನಿಂತಿರುತ್ತದಲ್ಲ, ಆಗ ಯಾರೂ ಬಂದು "ಏನು ಹಾಕ್ತೀರಾ" ಅಂತ ಕೇಳಿದ್ದು ನನಗೆ ನೆನಪಿಲ್ಲ.

ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇಲ್ಲಿ ಬರೆದಿಡುತ್ತೇನೆ, ಮುಂದೆ ಕೇಳಿದವರಿಗೆ ಲಿಂಕ್ ಕಳಿಸಿದರಾಯ್ತು.

ಏನೂ ಹಾಕಲ್ಲ.

ಸರಿ, ಪೂರ್ತಿ ಏನೂ ಇಲ್ಲ ಅಂದರೆ ಸುಳ್ಳಾಗುತ್ತದೆ. ವರ್ಷಕ್ಕೆ ಎರಡು ಸಲ, ಜೂನ್‌ನಲ್ಲಿ ಒಮ್ಮೆ, ಅಕ್ಟೋಬರ್‌ನಲ್ಲಿ ಒಮ್ಮೆ, ಗಿಡಕ್ಕೊಂದು ಬಾಂಡ್ಲಿ ಹಳೇ ಕೊಟ್ಟಿಗೆ ಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ. ಇದನ್ನು ಹೇಳಿದರೆ ಅವರ ಮುಖ ಸಣ್ಣಗಾಗುತ್ತದೆ. "ಅಷ್ಟೇನಾ?" ಅನ್ನುತ್ತಾರೆ. ಬಾಳೆಹಣ್ಣಿನ ಸಿಪ್ಪೆ ನೆನೆಸಿದ ನೀರು? ಇಲ್ಲ. ಮೊಟ್ಟೆ ಚಿಪ್ಪಿನ ಪುಡಿ? ಇಲ್ಲ. ಟೀ ಚರಟ? ಅದು ಕರಿಬೇವಿನ ಗಿಡಕ್ಕೆ ಹೋಗುತ್ತದೆ, ಅದೂ ಬಚ್ಚಲ ಹತ್ತಿರ ಇದೆ ಅಂತ, ಬೇರೆ ಕಾರಣ ಇಲ್ಲ. ಅವರಿಗೆ ಬೇಕಾಗಿರೋದು ಒಂದು ಪುಡಿ. ಒಂದು ಬಾಟಲಿ. ಅಡುಗೆಮನೆಯಲ್ಲೇ ಇರೋ, ಇಷ್ಟು ದಿನ ಸುಮ್ನೆ ಚೆಲ್ಲುತ್ತಿದ್ದ ಏನೋ ಒಂದು. ಅದಿಲ್ಲ ಅಂದ ಕೂಡಲೇ ನಾನು ಗುಟ್ಟು ಮಾಡುತ್ತಿದ್ದೀನಿ ಅಂತ ಅವರಿಗೆ ಗ್ಯಾರಂಟಿಯಾಗುತ್ತದೆ.

ಎರಡು ವರ್ಷದ ಹಿಂದೆ ಒಬ್ಬರು ಹಿರಿಯರು ಬಂದಿದ್ದರು. ಹಿಂದಿನ ಕ್ರಾಸಿನವರು, ರಿಟೈರ್ ಆದವರು. ಬೆಳಗ್ಗೆ ಆರೂವರೆ, ಮಂಕಿ ಕ್ಯಾಪು, ಕೈಯಲ್ಲಿ ಸಣ್ಣ ಡೈರಿ, ಪೆನ್ನು. ಹಾಲಿನ ಪ್ಯಾಕೆಟ್ ತೆಗೆದುಕೊಳ್ಳೋಕೆ ಬಂದ ನನ್ನನ್ನು ಹಿಡಿದರು.

"ಏನಮ್ಮಾ, ಇದಕ್ಕೆ ಏನು ಹಾಕ್ತೀಯಾ?"

"ಏನೂ ಇಲ್ಲ ಸರ್, ಗೊಬ್ಬರ ಅಷ್ಟೇ."

ಪೆನ್ನಿನ ಮುಚ್ಚಳ ತೆಗೆದಿದ್ದರು. ಹಾಗೇ ಹಾಕಿದರು. "ಹೇಳೋಕೆ ಇಷ್ಟ ಇಲ್ಲ ಅಂದ್ರೆ ಬೇಡ ಬಿಡು ತಾಯಿ" ಅಂದರು. ಆ "ತಾಯಿ" ಇದೆಯಲ್ಲ, ಅದು ಚುಚ್ಚಿದಷ್ಟು ನನ್ನ ಬೇಲಿಯ ಯಾವ ಮುಳ್ಳೂ ಚುಚ್ಚಿಲ್ಲ. ಹೋಗುವವರನ್ನು ನಿಲ್ಲಿಸಿ, ಯಾಕೆ ಅಂತ ಇವತ್ತಿಗೂ ಗೊತ್ತಿಲ್ಲ, ನಾನು ಹೇಳಿಬಿಟ್ಟೆ: "ರಾಗಿ ತೊಳೆದ ನೀರು ಸರ್. ವಾರಕ್ಕೆರಡು ಸಲ."

ಬರೆದುಕೊಂಡರು. ಎಷ್ಟು ಹಾಕಬೇಕು ಅಂದರು. ಅರ್ಧ ಚೊಂಬು ಅಂದೆ. ತಣ್ಣಗಿರಬೇಕಾ? ತಣ್ಣಗಿರಬೇಕು. ಸುಳ್ಳು ಹೇಳೋಕೆ ಶುರು ಮಾಡಿದ ಮೇಲೆ ಅಳತೆ ಹೇಳೋದು ಎಷ್ಟು ಸಲೀಸು!

ನಾಲ್ಕು ದಿನದಲ್ಲಿ ತರಕಾರಿ ಗಾಡಿ ಹತ್ತಿರ ಒಬ್ಬ ಆಂಟಿ ನನ್ನನ್ನೇ ಕೇಳಿದರು, "ಗುಲಾಬಿಗೆ ರಾಗಿ ತೊಳೆದ ನೀರು ಬಹಳ ಒಳ್ಳೇದಂತೆ, ನೀವೂ ಹಾಕ್ತೀರಾ?" ನಾನು ಟೊಮೆಟೊ ಆರಿಸೋದರಲ್ಲಿ ಮುಳುಗಿದವಳ ಹಾಗೆ ನಿಂತೆ. ಇದರಲ್ಲೇ ಮುಗಿದಿದ್ದರೆ ಚೆನ್ನಾಗಿತ್ತು. ಎರಡು ತಿಂಗಳ ಮೇಲೆ ಆ ಹಿರಿಯರು ತಿರುಗಿ ಬಂದರು. ಅವರ ಟೆರೇಸಿನ ಕುಂಡದ ಗಿಡದಲ್ಲಿ ಒಂಬತ್ತು ಹೂವು ಬಿಟ್ಟಿತ್ತು! ಫೋಟೋ ತೋರಿಸಿದರು. ಕೈ ಹಿಡಿದುಕೊಂಡು ಥ್ಯಾಂಕ್ಸ್ ಹೇಳಿದರು. ನನಗೆ ತಕ್ಷಣ ಅರ್ಥವಾಯಿತು. ಪಾಪ, ಅಲ್ಲಿವರೆಗೆ ನೆನಪಾದಾಗ ನೀರು ಹಾಕುತ್ತಿದ್ದವರು, ರಾಗಿ ದೆಸೆಯಿಂದ ವಾರಕ್ಕೆರಡು ಸಲ ತಪ್ಪದೆ ಹಾಕಿದ್ದರು. ಅದನ್ನು ಹೇಗೆ ಹೇಳಲಿ? ಹೇಳಲಿಲ್ಲ. ಇದನ್ನು ಅವರು ಓದಿದರೆ ಕ್ಷಮಿಸಿ ಸರ್. ನೀರು ನಿಲ್ಲಿಸಬೇಡಿ, ರಾಗಿ ನಿಲ್ಲಿಸಬಹುದು.

ಏನು ಹಾಕ್ತೀರಾ ಅನ್ನೋದಕ್ಕಿಂತ ಏನು ತೆಗೀತೀರಾ ಅಂತ ಯಾರಾದರೂ ಕೇಳಿದ್ದರೆ ನಾನು ಕಾಫಿ ಕೊಟ್ಟು ಕೂರಿಸಿ ಹೇಳುತ್ತಿದ್ದೆ. ಅಕ್ಟೋಬರ್‌ನಲ್ಲಿ ಮಳೆ ಸ್ವಲ್ಪ ಬಿಡುವು ಕೊಟ್ಟಾಗ ನಾನು ಆ ಬೇಲಿಯನ್ನು ಅರ್ಧಕ್ಕೆ ಕತ್ತರಿಸಿ ಹಾಕುತ್ತೇನೆ. ಅರ್ಧ ಅಂದರೆ ಅರ್ಧ. ಒಣಗಿದ ಕಡ್ಡಿ, ಒಂದಕ್ಕೊಂದು ಉಜ್ಜುವ ಕಡ್ಡಿ, ಪೆನ್ಸಿಲಿಗಿಂತ ತೆಳ್ಳಗಿರೋದು ಎಲ್ಲ ಹೋಗುತ್ತದೆ. ಹೊರಗಡೆಗೆ ಮುಖ ಮಾಡಿದ ಕಣ್ಣು (ಚಿಗುರು ಒಡೆಯೋ ಜಾಗ) ನೋಡಿ, ಅದರ ಕಾಲು ಇಂಚು ಮೇಲೆ ಓರೆಯಾಗಿ ಕತ್ತರಿ ಹಾಕಬೇಕು. ಒಳಮುಖದ ಕಣ್ಣಿನ ಮೇಲೆ ಕತ್ತರಿಸಿದರೆ ಚಿಗುರೆಲ್ಲ ಒಳಗೇ ನುಗ್ಗುತ್ತದೆ, ಗಾಳಿ ಆಡಲ್ಲ, ಮುಂದಿನ ಮಳೆಗೆ ಚುಕ್ಕೆ ರೋಗಕ್ಕೆ ನಾವೇ ಎಲೆ ಹಾಕಿ ಊಟಕ್ಕೆ ಕರೆದ ಹಾಗೆ. ದಪ್ಪ ಕಡ್ಡಿಯ ತುದಿಗೆ ಒಂದಿಷ್ಟು ಸಗಣಿ ಮೆತ್ತುತ್ತೇನೆ, ಬಾಯಿ ಒಣಗಿ ಕೆಳಗಿನವರೆಗೆ ಸಾಯದೇ ಇರಲಿ ಅಂತ. ಕತ್ತರಿಸಿದ ದಿನ ಬೇಲಿ ನೋಡಿದರೆ ನನಗೇ ಹೊಟ್ಟೆ ಚುರ್ ಅನ್ನುತ್ತದೆ. ಅವತ್ತು ಹೋಗೋ ಬರೋರೆಲ್ಲ "ಅಯ್ಯೋ, ಯಾಕ್ರೀ ಹೀಗೆ ಮಾಡಿದ್ರಿ" ಅನ್ನುತ್ತಾರೆ. ಸುಮಾರು 45 ದಿನಕ್ಕೆ ಮೊದಲ ಹೂವು. ಅದೇ ಜನ, ಅದೇ ಗೇಟು, "ಏನು ಹಾಕ್ತೀರಾ?"

ಇನ್ನೂ ಒಂದು ಪ್ರಶ್ನೆ ಇದೆ. ಅದನ್ನು ಕೇಳಿದ್ದರೆ ಕಾಫಿ ಜೊತೆ ಚಕ್ಕುಲಿನೂ ಕೊಡುತ್ತಿದ್ದೆ. ಈ ಗಿಡ ಎಲ್ಲಿಂದ ಬಂತು?

ಚಾಮರಾಜಪೇಟೆಯಿಂದ. ದೊಡ್ಡಮ್ಮನ ಮನೆ ಅಲ್ಲಿತ್ತು. ಹೆಂಚಿನ ಮನೆ, ಹಿತ್ತಲು, ಬಟ್ಟೆ ಒಗೆಯೋ ಕಲ್ಲು, ಕಲ್ಲಿನ ಪಕ್ಕ ಗುಲಾಬಿ ಸಾಲು. ಒಗೆದ ನೀರೆಲ್ಲ ಅದರ ಬುಡಕ್ಕೇ ಹೋಗುತ್ತಿತ್ತು. ದೊಡ್ಡಮ್ಮ ಅದನ್ನು "ಎಡವಟ್ಟು ಗುಲಾಬಿ" ಅನ್ನುತ್ತಿದ್ದರು. ಚೆಂಡು ತರೋಕೆ ಹೋದ ಮಕ್ಕಳನ್ನೆಲ್ಲ ಪರಚಿ ಕಳಿಸುತ್ತಿತ್ತು, ಅದಕ್ಕೇ ಆ ಹೆಸರು ಅಂತ ನಾವು ತಿಳಿದಿದ್ದೆವು. ದೊಡ್ಡದಾದ ಮೇಲೆ ಒಬ್ಬ ನರ್ಸರಿಯವನು ಎಲೆ ಕಿವುಚಿ, ಹೂವು ಮೂಸಿ, "ಎಡ್ವರ್ಡ್ ಮೇಡಂ ಇದು" ಅಂದ. ಎಡ್ವರ್ಡ್, ಎಡವಟ್ಟು! ನಾನು ನರ್ಸರಿಯಲ್ಲೇ ನಿಂತು ನಕ್ಕಿದ್ದೆ, ಅವನಿಗೆ ಏನೂ ಅರ್ಥವಾಗಲಿಲ್ಲ.

ಎಡ್ವರ್ಡ್ ಅಂದರೆ ಇಂಗ್ಲಿಷ್ ರಾಜ ಇರಬೇಕು ಅಂದುಕೊಂಡೆ. ಅಲ್ಲ. ಹಿಂದೂ ಮಹಾಸಾಗರದಲ್ಲಿ ಮಡಗಾಸ್ಕರ್ ಪಕ್ಕ ರಿಯೂನಿಯನ್ ಅಂತ ಒಂದು ಪುಟ್ಟ ದ್ವೀಪ ಇದೆ, ಆಗ ಅದರ ಹೆಸರು ಬೂರ್ಬೋನ್. ಅಲ್ಲಿನ ಜನ ತೋಟಕ್ಕೆ ಬೇಲಿ ಅಂತ ಎರಡು ಜಾತಿ ಗುಲಾಬಿ ನೆಡುತ್ತಿದ್ದರು. ಒಂದು ವಾಸನೆಗೆ ಹೆಸರಾದ ಡಮಾಸ್ಕ್, ಇನ್ನೊಂದು ವರ್ಷವಿಡೀ ಹೂವು ಬಿಡೋ ಚೈನಾ. ಬೇಲಿಯಲ್ಲಿ ಅಕ್ಕಪಕ್ಕ ಇದ್ದವು ಅಲ್ವಾ, ಯಾರೂ ಮದುವೆ ಮಾಡಿಸದೆ ಅವೇ ಕೂಡಿಕೊಂಡವು. ಹುಟ್ಟಿದ್ದು ಈ ಗಿಡ. ಅಲ್ಲಿನ ಎದುವಾರ್ ಅನ್ನೋ ತೋಟದ ಯಜಮಾನನ ಹೆಸರು ಇದಕ್ಕೆ ಬಂತು. 1819ರ ಸುಮಾರಿಗೆ ಇದರ ಬೀಜ ಫ್ರಾನ್ಸಿಗೆ ಹೋಗಿ, ಅಲ್ಲಿ ಬೂರ್ಬೋನ್ ಗುಲಾಬಿಗಳು ಅಂತ ಒಂದು ದೊಡ್ಡ ವಂಶವೇ ಬೆಳೆಯಿತು. ನಮ್ಮ ದೇಶಕ್ಕೂ ಬಂತು, ಉಳಿಯಿತು, ಬೇಲಿಯಾಯಿತು, ಬೇರೆ ಗುಲಾಬಿ ಕಸಿ ಕಟ್ಟೋಕೆ ಬುಡವಾಯಿತು, ಚಾಮರಾಜಪೇಟೆಯ ಒಗೆಯೋ ಕಲ್ಲಿನ ಪಕ್ಕ ಎಡವಟ್ಟಾಯಿತು. ಬೇಲಿಯಲ್ಲೇ ಹುಟ್ಟಿದ ಗಿಡಕ್ಕೆ ಬೇಲಿಯಲ್ಲಿ ನಿಲ್ಲೋಕೆ ನಾನೇನು ಹಾಕಬೇಕು ಹೇಳಿ?

ದೊಡ್ಡಮ್ಮನ ಮನೆ ಮಾರಿದಾಗ, ಕೆಡವೋಕೆ ಒಂದು ವಾರ ಮುಂಚೆ ನಾನು ಕತ್ತರಿ, ಒದ್ದೆ ಗೋಣಿಚೀಲ ತೆಗೆದುಕೊಂಡು ಹೋಗಿದ್ದೆ. ಪಾತ್ರೆ, ಮಣೆ, ಒರಳು ಎಲ್ಲ ಯಾರ್ಯಾರೋ ಹಂಚಿಕೊಂಡಾಗಿತ್ತು. ಗುಲಾಬಿ ಯಾರ ಲೆಕ್ಕಕ್ಕೂ ಬಂದಿರಲಿಲ್ಲ. 40 ಕಡ್ಡಿ ತಂದೆ. 22 ಬದುಕಿದವು. ಅದರಲ್ಲಿ 16 ಈಗ ರಸ್ತೆ ಕಡೆ ನಿಂತಿವೆ. ಉಳಿದ ಆರು ತಂಗಿ ಮನೆಗೆ ಹೋದವು. ಅಲ್ಲಿ ಅವಳು ಬಾಳೆಹಣ್ಣಿನ ಸಿಪ್ಪೆ ಹಾಕಿ ಹಾಕಿ ಇಲಿ ಬಂದವು.

ಹೊರದೇಶದ ವಿಡಿಯೋ ನೋಡಿಕೊಂಡು ಬರುವವರಿಗೂ ಒಂದು ಮಾತು. "ಅಲ್ಲಿ ರುಗೋಸಾ ಅಂತ ಗುಲಾಬಿ ಬೇಲಿ ಮಾಡ್ತಾರೆ, ಬಹಳ ಗಟ್ಟಿಯಂತೆ, ಅದನ್ನು ಹಾಕೋಣ್ವಾ" ಅನ್ನುತ್ತಾರೆ. ಗಟ್ಟಿ, ನಿಜ. ಜಪಾನ್, ಕೊರಿಯಾ, ಸೈಬೀರಿಯಾ ಕಡೆ ಸಮುದ್ರ ದಂಡೆಯ ಮರಳಲ್ಲಿ, ಹಿಮದಲ್ಲಿ ಬದುಕುವ ಗಿಡ ಅದು. ಅಲ್ಲಿ ಗಟ್ಟಿ ಅಂದರೆ ಹಿಮ ತಡೆಯೋದು. ನಮ್ಮಲ್ಲಿ ಜನವರಿಯಲ್ಲಿ 15 ಡಿಗ್ರಿ ಆದರೆ ಸ್ವೆಟರ್ ಹುಡುಕುತ್ತೇವೆ. ಇಲ್ಲಿ ಗಟ್ಟಿ ಅಂದರೆ ಏಪ್ರಿಲ್ ದಾಟೋದು, ಮೂರು ದಿನ ಕಾವೇರಿ ನೀರು ಬರದಿದ್ದರೂ ಸಾಯದೇ ಇರೋದು, ಎಲೆಯಡಿಯ ಕೆಂಪು ನುಸಿಗೆ ಸೋಲದೇ ಇರೋದು. ನಾಟಿ ಗಿಡವೇ ಸಾಕು. ಎಡ್ವರ್ಡ್ ಸಿಗದಿದ್ದರೆ ಗೊಂಚಲು ಗೊಂಚಲಾಗಿ ಬಿಡೋ ಬಟನ್ ಗುಲಾಬಿ ಹಾಕಿ. ಹೂವಿನಂಗಡಿಯ ಉದ್ದ ಕಡ್ಡಿ ಗುಲಾಬಿಯ ಗಿಡ ಬೇಲಿಗೆ ಬೇಡ. ಅದು ಕಾಲು ಉದ್ದ ಮಾಡಿ ಒಂಟಿಯಾಗಿ ನಿಲ್ಲುತ್ತದೆ, ಬುಡದಲ್ಲಿ ಬೆಕ್ಕು ಆರಾಮಾಗಿ ನುಸುಳುತ್ತದೆ.

ಮುಳ್ಳು ಚುಚ್ಚಲ್ವಾ ಅಂತಲೂ ಕೇಳುತ್ತಾರೆ. ಚುಚ್ಚುತ್ತೆ. ಅದಕ್ಕೇ ಬೇಲಿ. ಆದರೆ ರಸ್ತೆ ಕಡೆ ಚಾಚಿದ ಕಡ್ಡಿಯನ್ನು ತಿಂಗಳಿಗೊಮ್ಮೆ ಸವರಲೇಬೇಕು, ಶಾಲೆ ಮಕ್ಕಳು ಓಡಾಡುತ್ತಾರೆ. ಒಮ್ಮೆ ನಾನು ಸೋಮಾರಿತನ ಮಾಡಿ ಒಂದು ಮಗುವಿನ ಯೂನಿಫಾರಂ ಹರಿದಿತ್ತು. ಅವರಮ್ಮ ಬೈದದ್ದು ನ್ಯಾಯವಾಗಿತ್ತು. ಇನ್ನು ಹೂವು ಕದಿಯೋರಿಗೆ ಮುಳ್ಳು ಯಾವ ಲೆಕ್ಕ? ಬೆಳಗ್ಗೆ ಐದೂವರೆಗೆ ಕೊಕ್ಕೆ ಕೋಲು, ಪ್ಲಾಸ್ಟಿಕ್ ಕವರ್ ಹಿಡಿದು ವಾಕಿಂಗ್ ಬರುತ್ತಾರೆ. ಕೇಳಿದರೆ "ದೇವರಿಗೆ ಕಣಮ್ಮ" ಅನ್ನುತ್ತಾರೆ. ಅವರಲ್ಲಿ ಒಬ್ಬರು ಕವರ್ ತುಂಬಿಸಿಕೊಳ್ಳುತ್ತಲೇ ನನ್ನನ್ನು ಕೇಳಿದ್ದರು, ಏನು ಹಾಕ್ತೀರಾ ಅಂತ.

ಮೇ ತಿಂಗಳ ಮೊದಲ ಮಳೆ ಆದ ರಾತ್ರಿ ಟಾರ್ಚ್ ಹಿಡಿದು ಬನ್ನಿ, ಒಂದು ತಮಾಷೆ ತೋರಿಸುತ್ತೇನೆ. ನೆಲದಿಂದ ಎದ್ದು ಬಂದ ಕಂದು ದುಂಬಿಗಳು ಎಲೆಗಳ ಮೇಲೆ ಕೂತು ಕರಕರ ಅಂತ ಮೇಯುತ್ತಿರುತ್ತವೆ. ಬೇಲಿ ಎದ್ದು ಹೊಲ ಮೇಯೋದು ಕೇಳಿದ್ದೀರಿ, ಇಲ್ಲಿ ಬೇಲಿಯನ್ನೇ ಮೇಯುತ್ತಾರೆ. ಒಂದು ಮಗ್ ಸೋಪಿನ ನೀರು ಕೆಳಗೆ ಹಿಡಿದು ಕೊಂಬೆ ಅಲ್ಲಾಡಿಸಿದರೆ ಟಪಟಪ ಬೀಳುತ್ತವೆ. ಎಂಟು ಗಂಟೆಗೆ ಶುರು ಮಾಡಿದರೆ ಧಾರಾವಾಹಿ ಒಂದು ಎಪಿಸೋಡ್ ಹೋಗುತ್ತದೆ, ಅಷ್ಟೇ ನಷ್ಟ. ಔಷಧಿ ಹೊಡೆಯೋ ಅಗತ್ಯ ನನಗಂತೂ ಬಂದಿಲ್ಲ.

ಗಿಡ ಬೇಕಾದವರು ಜೂನ್ ಎರಡನೇ ವಾರ ಬನ್ನಿ. ಪೆನ್ಸಿಲ್ ದಪ್ಪದ, ಗೇಣುದ್ದದ ಕಡ್ಡಿ ನಾನೇ ಕತ್ತರಿಸಿ ಕೊಡುತ್ತೇನೆ, ದುಡ್ಡು ಬೇಡ. ಕೆಳಗಿನ ತುದಿ ಓರೆ, ಮೇಲಿನ ತುದಿಗೆ ಸಗಣಿ ಉಂಡೆ, ಎರಡು ಕಣ್ಣು ಮಣ್ಣೊಳಗೆ, ಎರಡು ಹೊರಗೆ. ಚಿಗುರಿದ ಕೂಡಲೇ ಬೇರು ಬಂದಿದೆಯಾ ಅಂತ ಎಳೆದು ನೋಡಬೇಡಿ. ನನ್ನ 40ರಲ್ಲಿ ಹೋದ 18ರಲ್ಲಿ ಐದಾರು ನನ್ನ ಗಂಡ ಹಾಗೆ ಎಳೆದು ನೋಡಿಯೇ ಹೋಗಿದ್ದು. ಬೇಲಿಗೆ ನೆಡುವಾಗ ಒಂದೂವರೆ ಅಡಿ ಆಳದ ಕಾಲುವೆ ತೋಡಿ, ಎರಡೂವರೆ ಅಡಿಗೊಂದು ಇಡಿ. ಆರು ಗಂಟೆ ಬಿಸಿಲು ಬೀಳದ ಜಾಗ ಆದರೆ ಬೇಡ, ದಾಸವಾಳ ಹಾಕಿಕೊಳ್ಳಿ.

ಸಗಣಿ ಮಾತ್ರ ನೀವೇ ತನ್ನಿ. ನಮ್ಮ ರಸ್ತೆಯ ಹಸು ಈಗ ಬರುತ್ತಿಲ್ಲ.