ಒಣ ಕಸದಿಂದ ಲಾಭ ಬರಲೇಬೇಕಾ?

ನಮ್ಮ ಕರಾವಳಿಯ ಗ್ರಾಮ ಸಭೆಗಳಲ್ಲಿ ಕಸದ ವಿಷಯ ಬಂತು ಅಂದರೆ ಯಾರಾದರೊಬ್ಬರು ಎದ್ದು ನಿಂತು ಇದನ್ನೇ ಕೇಳುತ್ತಾರೆ. "ಸ್ವಚ್ಛ ಸಂಕೀರ್ಣ ಅಂತ ಕಸ ವಿಂಗಡಿಸುವ ಶೆಡ್ ಕಟ್ಟಿದ್ದಾಯಿತು, ಗಾಡಿ ತಂದದ್ದಾಯಿತು, ಒಣ ಕಸ ಮಾರಿ ಪಂಚಾಯತ್‌ಗೆ ಎಷ್ಟು ಬಂತು?" ಪಿಡಿಒ (ಪಂಚಾಯತ್ ಅಭಿವೃದ್ಧಿ ಅಧಿಕಾರಿ) ಒಂದು ಮೊತ್ತ ಹೇಳುತ್ತಾರೆ. ಇಷ್ಟಕ್ಕೆ ಇಷ್ಟೆಲ್ಲ ಖರ್ಚಾ ಅಂತ ಸಭೆಯಲ್ಲಿ ಗುಸುಗುಸು ಶುರುವಾಗುತ್ತದೆ. ನನಗೆ ಆ ಪ್ರಶ್ನೆಯೇ ತಪ್ಪು ಅನಿಸುತ್ತದೆ. ಬೀದಿ ದೀಪದಿಂದ ಎಷ್ಟು ಆದಾಯ ಬಂತು ಅಂತ ಯಾರೂ ಕೇಳುವುದಿಲ್ಲ ಅಲ್ವಾ?

ಪಂಚಾಯತ್ ಗಾಡಿಗೆ ಏನು ಬರುತ್ತದೆ ಅಂತ ಸ್ವಲ್ಪ ನೋಡಿ. ಬೆಲೆ ಸಿಗುವ ಪೇಪರ್, ರಟ್ಟು, ಕಬ್ಬಿಣ, ಹಿತ್ತಾಳೆ ಎಲ್ಲ ಮೊದಲೇ ಗುಜರಿಗೆ ಹೋಗಿರುತ್ತದೆ. ಅದು ಸರಿಯೇ, ಮರುಬಳಕೆ ಅನ್ನುವುದನ್ನು ಸರ್ಕಾರ ಯೋಚಿಸುವ ಎಷ್ಟೋ ಮೊದಲೇ ಗುಜರಿಯವರು ಆ ಕೆಲಸ ಮಾಡುತ್ತಿದ್ದರು. ಗಾಡಿಗೆ ಉಳಿಯುವುದು ಚಿಪ್ಸ್ ಪ್ಯಾಕೆಟ್, ಶಾಂಪೂ ಸ್ಯಾಶೆ, ಥರ್ಮಾಕೋಲ್, ಹರಿದ ಚಪ್ಪಲಿ, ಹಳೇ ಬಟ್ಟೆ, ತಲೆದಿಂಬು. ಚಿಪ್ಸ್ ಪ್ಯಾಕೆಟ್‌ನಲ್ಲಿ ಬೇರೆ ಬೇರೆ ಪ್ಲಾಸ್ಟಿಕ್ ಪದರಗಳು, ಜೊತೆಗೆ ತೆಳ್ಳಗಿನ ಅಲ್ಯೂಮಿನಿಯಂ ಪದರ, ಎಲ್ಲ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಅವನ್ನು ಬಿಡಿಸುವುದು ಕಷ್ಟ, ಹಾಗಾಗಿ ಕೊಳ್ಳುವವರು ಸಿಗುವುದು ಅಪರೂಪ. ಇಂಥದ್ದನ್ನು ಕೊನೆಗೆ ಸಿಮೆಂಟ್ ಕಾರ್ಖಾನೆಗೆ ಕಳಿಸಬೇಕಾಗುತ್ತದೆ, ಅಲ್ಲಿ ಕಲ್ಲಿದ್ದಲಿನ ಜೊತೆ ಉರುವಲಾಗಿ ಸುಡುತ್ತಾರೆ. ಇದನ್ನು ಮರುಬಳಕೆ ಅಂತ ಕರೆಯಲು ನನಗೆ ಮನಸ್ಸಿಲ್ಲ, ಆದರೆ ತೋಟದ ಮೂಲೆಯಲ್ಲಿ ಸುಟ್ಟು ಆ ಹೊಗೆ ಕುಡಿಯುವುದಕ್ಕಿಂತ ಎಷ್ಟೋ ಮೇಲು. ತೊಂದರೆ ಏನಂದರೆ ನಮ್ಮ ರಾಜ್ಯದ ದೊಡ್ಡ ಸಿಮೆಂಟ್ ಕಾರ್ಖಾನೆಗಳು ಬಹಳಷ್ಟು ಇರುವುದು ಕಲಬುರಗಿ ಜಿಲ್ಲೆಯ ವಾಡಿ, ಸೇಡಂ, ಮಳಖೇಡದ ಕಡೆ. ಕರಾವಳಿಯಿಂದ ಲಾರಿ ಘಾಟಿ ಹತ್ತಿ ಇಡೀ ರಾಜ್ಯ ದಾಟಬೇಕು. ಆ ಬಾಡಿಗೆ ಯಾರು ಕೊಡುತ್ತಾರೆ?

ಯೋಜನೆ ಬರೆಯುವಾಗ ಈ ಬಾಡಿಗೆಯನ್ನೇ ಬಿಟ್ಟುಬಿಡುತ್ತಾರೆ. ಶೆಡ್ಡಿಗೆ ಹಣ ಇದೆ, ಗಾಡಿಗೆ ಇದೆ, ಬಕೆಟ್ಟಿಗೂ ಇದೆ, ಮಾರಾಟವಾಗದ ಕಸ ಸಾಗಿಸಲು ಮಾತ್ರ ಇಲ್ಲ. ಆಮೇಲೆ ಶೆಡ್ ತುಂಬಿ ಮಳೆಗಾಲದಲ್ಲಿ ಎಲ್ಲ ಒದ್ದೆಯಾಗಿ ಕೊಳೆತು ನಾರುತ್ತದೆ, ಅಕ್ಕಪಕ್ಕದ ಮನೆಯವರು ಗಲಾಟೆ ಮಾಡುತ್ತಾರೆ, ಹೊಸ ಮನೆಗಳಿಂದ ಕಸ ತರುವುದು ನಿಲ್ಲುತ್ತದೆ, ಸಂಗ್ರಹವನ್ನು ಇನ್ನಷ್ಟು ಮನೆಗಳಿಗೆ ವಿಸ್ತರಿಸುವ ಮಾತು ಅಲ್ಲಿಗೇ ಮುಗಿಯುತ್ತದೆ. ಹಣಕ್ಕೆ ದಾರಿಯೇ ಇಲ್ಲ ಅಂತಲ್ಲ. 15ನೇ ಹಣಕಾಸು ಆಯೋಗ 2021ರಿಂದ 2026ರ ಅವಧಿಗೆ ಪಂಚಾಯತ್‌ಗಳಿಗೆ ಕೊಟ್ಟ ಅನುದಾನದಲ್ಲಿ ಶೇ. 60 ಭಾಗ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಾಗಿತ್ತು. ಅದೆಲ್ಲ ಕಟ್ಟಡಕ್ಕೇ ಹೋಗಿಬಿಟ್ಟರೆ ದಿನದಿನದ ಖರ್ಚು ಎಲ್ಲಿಂದ ಬರಬೇಕು ಹೇಳಿ?

ಇನ್ನೊಂದು ದಾರಿ ಮನೆಮನೆಯ ಶುಲ್ಕ. ತಲಪಾಡಿ ದಾಟಿ ಮಂಜೇಶ್ವರ, ಕಾಸರಗೋಡಿನ ನೆಂಟರ ಮನೆಗೆ ಹೋಗುವವರು ಮನೆಮನೆಯ ಒಣ ಕಸ ಸಂಗ್ರಹಿಸುವ ಕೇರಳದ ಹರಿತ ಕರ್ಮ ಸೇನೆಯ ಮಹಿಳೆಯರನ್ನು ನೋಡಿರುತ್ತೀರಿ. ಅಲ್ಲಿ ತೊಳೆದು ಒಣಗಿಸಿದ ಪ್ಲಾಸ್ಟಿಕ್ ಅನ್ನೇ ಕೊಡಬೇಕು. ಹಳ್ಳಿಗಳಲ್ಲಿ ಸಾಮಾನ್ಯವಾಗಿ ತಿಂಗಳಿಗೆ 50 ರೂಪಾಯಿ ಶುಲ್ಕ. ಜೊತೆಗೆ ಒಂದು ಕ್ಯಾಲೆಂಡರ್ ಕೂಡ ಇರುತ್ತದೆ: ಈ ತಿಂಗಳು ಗಾಜು, ಇನ್ನೊಂದು ತಿಂಗಳು ಚಪ್ಪಲಿ-ಬ್ಯಾಗು, ಮತ್ತೊಂದು ತಿಂಗಳು ಹಳೇ ಎಲೆಕ್ಟ್ರಾನಿಕ್ ಸಾಮಾನು. ನನಗೆ ಬಹಳ ಇಷ್ಟವಾದದ್ದು ಈ ಕ್ಯಾಲೆಂಡರೇ. ಚಪ್ಪಲಿ ಎಲ್ಲ ಒಂದೇ ಸಲ ಬಂದರೆ ಒಂದು ಲೋಡ್ ಆಗುತ್ತದೆ, ವರ್ಷವಿಡೀ ಒಂದೊಂದೇ ಜೊತೆ ಬಂದರೆ ಶೆಡ್ಡಿನ ಮೂಲೆಯಲ್ಲಿ ಸುಮ್ನೆ ರಾಶಿ ಬೀಳುತ್ತದೆ. ಇದನ್ನು ನಮ್ಮ ಪಂಚಾಯತ್‌ಗಳು ಯಥಾವತ್ತಾಗಿ ತೆಗೆದುಕೊಳ್ಳಬಹುದು, ದೊಡ್ಡ ಖರ್ಚೂ ಇಲ್ಲ.

ಲೋಡ್ ಆಗುವುದು ಅಂದೆನಲ್ಲ, ನಿಜವಾದ ವಿಷಯ ಅದೇ. ಒಂದು ಚಿಕ್ಕ ಪಂಚಾಯತ್‌ನ ಒಣ ಕಸ ಲಾರಿ ತುಂಬುವಷ್ಟು ಇರುವುದೇ ಇಲ್ಲ. ಕಸ ಒತ್ತಿ ಕಟ್ಟು ಕಟ್ಟುವ ಬೇಲಿಂಗ್ ಮಷಿನ್ ಹಾಕಿದರೂ ಅದಕ್ಕೆ ಸಾಕಷ್ಟು ಕೆಲಸ ಇರುವುದಿಲ್ಲ. ಕಾರ್ಕಳ ತಾಲೂಕಿನ ನಿಟ್ಟೆಯಲ್ಲಿ ಇದಕ್ಕೆ ಒಳ್ಳೆಯ ಉತ್ತರ ಕಂಡುಕೊಂಡಿದ್ದಾರೆ. ಅಲ್ಲಿನ ವಿಂಗಡಣಾ ಘಟಕದ ಸಾಮರ್ಥ್ಯ ದಿನಕ್ಕೆ 10 ಟನ್, ಸುತ್ತಲಿನ ಹತ್ತಾರು ಪಂಚಾಯತ್‌ಗಳ ಒಣ ಕಸ ಅಲ್ಲಿಗೇ ಬರುತ್ತದೆ. ಬೆಲ್ಟ್ ಮೇಲೆ ವಿಂಗಡಿಸಿ, ಒತ್ತಿ ಬೇಲ್ ಕಟ್ಟಿ, ಲೋಡ್ ಮಾಡಿ ಕಳಿಸುತ್ತಾರೆ. ಹಾಗಾಗಿ ಪ್ರತಿ ಪಂಚಾಯತ್‌ಗೂ ಒಂದು ಮಷಿನ್ ಬೇಕು ಅಂತ ಹಟ ಮಾಡುವುದು ಬೇಡ. ಚಿಕ್ಕ ಶೆಡ್, ಅಚ್ಚುಕಟ್ಟಾದ ಸಂಗ್ರಹ, ವಾರಕ್ಕೊಮ್ಮೆ ತಪ್ಪದೆ ಬರುವ ಗಾಡಿ, ಇಷ್ಟಿದ್ದರೆ ಒಂದು ಪಂಚಾಯತ್‌ಗೆ ಸಾಕು.

ತಪ್ಪದೆ ಅನ್ನುವುದು ಮುಖ್ಯ. ಜನ ಕಸ ಬೇರೆ ಮಾಡುವುದಿಲ್ಲ, ಜನರಿಗೆ ಬುದ್ಧಿ ಇಲ್ಲ ಅಂತ ಎಲ್ಲರೂ ಹೇಳುತ್ತಾರೆ. ಬೆಂಗಳೂರಿನಲ್ಲಿ 2015ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಆದೇಶವೇ ಬಂತು, ಹಸಿ ಕಸಕ್ಕೆ ಹಸಿರು ಬಕೆಟ್, ಪ್ಯಾಡ್-ಡೈಪರ್‌ನಂಥದ್ದಕ್ಕೆ ಕೆಂಪು ಬಕೆಟ್, ಒಣ ಕಸಕ್ಕೊಂದು ಚೀಲ ಅಂತ. ಎಷ್ಟೋ ಮನೆಗಳು ಶ್ರದ್ಧೆಯಿಂದ ಮಾಡಿದವು, ಈಗಲೂ ಮಾಡುತ್ತಿವೆ. ಆದರೆ ಬೇರೆ ಮಾಡಿ ಕೊಟ್ಟದ್ದನ್ನು ಒಂದೇ ಗಾಡಿಗೆ ಸುರಿಯುವುದನ್ನು ಒಂದು ಸಲ ಕಣ್ಣಾರೆ ಕಂಡ ಮನೆಯವರು ಮತ್ತೆ ಯಾಕೆ ಮಾಡುತ್ತಾರೆ? ಭಿತ್ತಿಪತ್ರ, ಜಾಥಾ, ಬೀದಿ ನಾಟಕ ಎಲ್ಲ ಆಮೇಲೆ ಇರಲಿ. ಮೊದಲು ಗಾಡಿಯೊಳಗೆ ಬೇರೆ ಬೇರೆ ಖಾನೆ ಮಾಡಿ, ಇಲ್ಲವೇ ಒಣ ಕಸಕ್ಕೆ ಬೇರೆ ದಿನ ಗೊತ್ತು ಮಾಡಿ. ಒಂದೆರಡು ವಾರ್ಡಿನಲ್ಲಿ ಅದು ಸರಿಯಾಗಿ ನಡೆದ ಮೇಲೆಯೇ ಮುಂದಿನ ವಾರ್ಡಿಗೆ ಹೋಗಿ. ಇಡೀ ಊರಿಗೆ ಒಂದೇ ದಿನ ಉದ್ಘಾಟನೆ ಮಾಡಿದರೆ ಫೋಟೋ ಚೆನ್ನಾಗಿ ಬರುತ್ತದೆ, ಕೆಲಸ ಮಾತ್ರ ಬಾಳುವುದಿಲ್ಲ.

ಪಟ್ಟಣಗಳಲ್ಲಿ ವಿಸ್ತರಣೆ ಅಂದರೆ ಮೊದಲಿಂದ ಇದೇ ಕೆಲಸ ಮಾಡುತ್ತಿದ್ದವರನ್ನು ಓಡಿಸುವುದು ಅಂತ ಆಗಬಾರದು. ಬೆಂಗಳೂರಿನಲ್ಲಿ 2011ರಲ್ಲಿ ಪಾಲಿಕೆಯೇ ಕಸ ಆಯುವವರಿಗೆ ಗುರುತಿನ ಚೀಟಿ ಕೊಟ್ಟಿತು. ಮುಂದೆ ವಾರ್ಡಿನ ಒಣ ಕಸ ಕೇಂದ್ರಗಳಲ್ಲಿ ಕೆಲವನ್ನು ಅವರೇ ನಡೆಸುವಂತಾಯಿತು, ಹಸಿರು ದಳದಂಥ ಸಂಸ್ಥೆಗಳು ಅವರ ಜೊತೆ ನಿಂತವು. ಪುಣೆಯಲ್ಲಂತೂ ಕಸ ಆಯುವವರದ್ದೇ 'ಸ್ವಚ್ಛ್' ಎಂಬ ಸಹಕಾರ ಸಂಘ ಮನೆಮನೆಯ ಕಸ ಸಂಗ್ರಹಿಸುತ್ತದೆ. ಯಾವ ಪ್ಲಾಸ್ಟಿಕ್ ಯಾರು ಕೊಳ್ಳುತ್ತಾರೆ, ಯಾವುದಕ್ಕೆ ಇವತ್ತು ರೇಟ್ ಇಲ್ಲ ಅಂತ ಇವರಿಗೆ ಗೊತ್ತಿರುವಷ್ಟು ಯಾವ ಕನ್ಸಲ್ಟೆಂಟ್‌ಗೂ ಗೊತ್ತಿರುವುದಿಲ್ಲ. ಹಳ್ಳಿಯಲ್ಲಿ ಸ್ವಸಹಾಯ ಸಂಘಗಳ ಸಂಜೀವಿನಿ ಒಕ್ಕೂಟದ ಹೆಂಗಸರು ಈಗ ಅದನ್ನೇ ಕಲಿಯುತ್ತಿದ್ದಾರೆ. ಎಷ್ಟೋ ಕಡೆ ಪಂಚಾಯತ್‌ನ ಕಸದ ಗಾಡಿ ಸ್ವಚ್ಛ ವಾಹಿನಿಯ ಸ್ಟೇರಿಂಗ್ ಕೂಡ ಅವರ ಕೈಯಲ್ಲೇ ಇದೆ. ನೋಡಿದರೆ ಹೆಮ್ಮೆಯಾಗುತ್ತದೆ.

ಆದರೆ ಅವರ ಸಂಬಳವನ್ನು ರಟ್ಟು ಮಾರಿದ ಹಣದಿಂದ ಕೊಡುತ್ತೇವೆ ಅಂತ ಹೇಳಬೇಡಿ. ರಟ್ಟಿನ ಬೆಲೆ ಬಿದ್ದ ತಿಂಗಳು ಅವರ ಮನೆ ಖರ್ಚು ಕಡಿಮೆಯಾಗುವುದಿಲ್ಲ. ಕ್ರಿಯಾ ಯೋಜನೆಯಲ್ಲೇ ಅವರ ಸಂಬಳಕ್ಕೆ, ಕೈಗವಸಿಗೆ, ಬೂಟಿಗೆ, ವರ್ಷಕ್ಕೊಮ್ಮೆ ಆರೋಗ್ಯ ತಪಾಸಣೆಗೆ ಹಣ ಎತ್ತಿಡಿ. ಮಾರಾಟದಿಂದ ಏನಾದರೂ ಬಂದರೆ ಅದನ್ನು ಅವರಿಗೇ ಬೋನಸ್ ಆಗಿ ಹಂಚಿ. ಮತ್ತೆ ನಾವು ಮನೆಯವರು ಬಳಸಿದ ಪ್ಯಾಡ್, ಡೈಪರ್‌ಗಳನ್ನು ಪೇಪರಿನಲ್ಲಿ ಸುತ್ತಿ ಬೇರೆಯಾಗಿ ಕೊಡೋಣ. ಒಣ ಕಸದ ಚೀಲದಲ್ಲಿ ಅದನ್ನು ಅಡಗಿಸಿ ಕಳಿಸಿದರೆ ಕೈ ಹಾಕಬೇಕಾದವರು ಅವರೇ.