ಅಮೆರಿಕದ ಯಾವ ಚಾನೆಲ್ ನಿಷ್ಪಕ್ಷಪಾತಿ?

ಹೆಸರು ಹೇಳುವುದಿಲ್ಲ. ಮಗಳು ಡಲ್ಲಾಸಿನಲ್ಲಿದ್ದಾಳೆ ಎನ್ನುವ ಅಪ್ಪ ಅಮ್ಮ ಕೇಳಿದರೂ ಇಲ್ಲ, ಪತ್ರಿಕೋದ್ಯಮ ಓದುವ ಹುಡುಗರು ಕೇಳಿದರೂ ಇಲ್ಲ. ಕೇಳುವವರಲ್ಲಿ ಬಹುಪಾಲು ಜನ ಉತ್ತರ ಕಟ್ಟಿಕೊಂಡೇ ಬಂದಿರುತ್ತಾರೆ. ಸಿಎನ್‌ಎನ್ ಅಂದರೆ ಒಬ್ಬರ ಮುಖ ಅರಳುತ್ತದೆ, ಫಾಕ್ಸ್ ಅಂದರೆ ಇನ್ನೊಬ್ಬರದು.

ಇದಕ್ಕಿಂತ ಸಿಟ್ಟು ಬರಿಸುವುದು ಜೋಡಿ ಸ್ಕ್ರೀನ್‌ಶಾಟ್. "ನೋಡಿ, ಇವರು ಮಾಡಿದರೆ ಒಂದು ನ್ಯಾಯ, ಅವರು ಮಾಡಿದರೆ ಇನ್ನೊಂದು" ಎಂದು ಎರಡು ಸುದ್ದಿ ಅಂಟಿಸಿ ಕಳಿಸುತ್ತಾರೆ. ಅಲ್ಲಿಗೆ ವಾದ ಮುಗಿಯಿತಂತೆ.

ಇಂಥ ಜೋಡಿಗಳಲ್ಲಿ ಪ್ರಸಿದ್ಧವಾದದ್ದನ್ನೇ ತೆಗೆದುಕೊಳ್ಳಿ. 2005ರ ಆಗಸ್ಟ್ ಕೊನೆ, ಕತ್ರಿನಾ ಚಂಡಮಾರುತಕ್ಕೆ ನ್ಯೂ ಆರ್ಲಿಯನ್ಸ್ ಮುಳುಗಿತ್ತು. ಯಾಹೂ ನ್ಯೂಸ್‌ನಲ್ಲಿ ಎರಡು ಫೋಟೊ ಬಂದವು. ಎರಡರಲ್ಲೂ ಎದೆಮಟ್ಟದ ನೀರು, ಜೊತೆಗೆ ದಿನಸಿ. ಕಪ್ಪು ಯುವಕನ ಫೋಟೊದ ಅಡಿಬರಹ, ಅಂಗಡಿ 'ಲೂಟಿ ಮಾಡಿ' ಬರುತ್ತಿದ್ದಾನೆ ಎಂದಿತ್ತು. ಬಿಳಿಯರಿಬ್ಬರ ಫೋಟೊದ ಅಡಿಬರಹದಲ್ಲಿ ಅವರಿಗೆ ಅಂಗಡಿಯ ಬ್ರೆಡ್, ಸೋಡಾ 'ಸಿಕ್ಕಿತ್ತು'. ನೋಡಿದವರಿಗೆ ರೊಚ್ಚೆದ್ದಿತು, ಏಳಲೇಬೇಕು ಕೂಡ. ಆದರೆ ಮೊದಲನೆಯದು ಎಪಿ ಸುದ್ದಿಸಂಸ್ಥೆಯದು, ಎರಡನೆಯದನ್ನು ಹಂಚಿದ್ದು ಎಎಫ್‌ಪಿ ಎಂಬ ಇನ್ನೊಂದು ಸುದ್ದಿಸಂಸ್ಥೆ. ಅಡಿಬರಹ ಬರೆದ ಕೈಗಳೇ ಬೇರೆ. ಯುವಕ ಅಂಗಡಿಯೊಳಗೆ ಹೋಗಿ ಸಾಮಾನು ತಂದದ್ದನ್ನು ತನ್ನ ಛಾಯಾಗ್ರಾಹಕ ಕಣ್ಣಾರೆ ಕಂಡಿದ್ದ ಎಂದು ಎಪಿ ಹೇಳಿತು. ಸಾಮಾನು ನೀರಲ್ಲಿ ತೇಲಿಬರುತ್ತಿತ್ತು ಎಂದು ಎರಡನೆಯ ಛಾಯಾಗ್ರಾಹಕ ಹೇಳಿದ.

ಹಾಗಾದರೆ ಪಕ್ಷಪಾತ ಇರಲಿಲ್ಲವೇ? ಅದನ್ನು ಈ ಜೋಡಿಯಿಂದ ತೀರ್ಮಾನಿಸಲಾಗದು. ಅದೇ ವಾರ ಅಂಗಡಿಯಿಂದ ಸಾಮಾನು ತಂದ ಬಿಳಿಯರಿಗೆ ಎಪಿಯೇ ಯಾವ ಪದ ಬಳಸಿತು, ಕಪ್ಪು ಜನರಿಗೆ ಎಎಫ್‌ಪಿ ಯಾವುದನ್ನು ಬಳಸಿತು ಎಂದು ಹುಡುಕಬೇಕು. ತಕ್ಕಡಿ ಒಂದೇ ಆಗಿದ್ದರೆ ಮಾತ್ರ ತೂಕದ ಮೋಸ ಹಿಡಿಯಲು ಸಾಧ್ಯ.

ಅದೇ ಸಂಸ್ಥೆ ಎಂದರೂ ಸಾಲದು, ವಿಭಾಗವೂ ಅದೇ ಇರಬೇಕು. ವಾಲ್ ಸ್ಟ್ರೀಟ್ ಜರ್ನಲ್‌ನ ಸಂಪಾದಕೀಯ ಪುಟಕ್ಕೂ ಸುದ್ದಿಮನೆಗೂ ಮುಖ್ಯಸ್ಥರು ಬೇರೆ ಬೇರೆ. ಒಂದರ ಸಾಲನ್ನು ಇನ್ನೊಂದರ ತಲೆಗೆ ಕಟ್ಟುವುದು ತಪ್ಪು. ಕೇಬಲ್ ಚಾನೆಲ್‌ಗಳ ರಾತ್ರಿ ಹೊತ್ತಿನ ನಿರೂಪಕರು ಕೊಡುವುದು ಬಹುಪಾಲು ಅಭಿಪ್ರಾಯ. ಘಟನೆ ನಡೆದ ಎಷ್ಟು ಗಂಟೆಗೆ ಬರೆದದ್ದು ಎಂಬುದನ್ನೂ ನೋಡಿ. ಮೊದಲ ದಿನ ಕೈಯಲ್ಲಿ ಪೊಲೀಸರ ಹೇಳಿಕೆಯೊಂದೇ ಇರುತ್ತದೆ, ಹತ್ತನೇ ದಿನ ವಿಡಿಯೊ ಇರುತ್ತದೆ. ಆಮೇಲೆ ಕ್ರಿಯಾಪದ. ಒಬ್ಬರು 'ಹೇಳಿದರು', ಇನ್ನೊಬ್ಬರು 'ಹೇಳಿಕೊಂಡರು', ಮತ್ತೊಬ್ಬರು 'ಒಪ್ಪಿಕೊಂಡರು' ಎಂದಿದ್ದರೆ ಗುರುತು ಹಾಕಿ. 'ಪೊಲೀಸರು ಗುಂಡು ಹಾರಿಸಿದರು' ಎನ್ನುವ ಕಡೆ 'ಅಧಿಕಾರಿ ಒಳಗೊಂಡ ಗುಂಡಿನ ಪ್ರಕರಣ' ಎಂದು ಬರೆಯುವುದು ಅಲ್ಲಿಯ ಹಳೇ ಚಾಳಿ. ಹಾರಿಸಿದವನೇ ವಾಕ್ಯದಿಂದ ಮಾಯ.

ಸರಿಯಾದ ಜೋಡಿ ಹೇಗಿರುತ್ತದೆ ಗೊತ್ತೇ? 2016ರ ಫೆಬ್ರವರಿಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ಸ್ಕಾಲಿಯಾ ತೀರಿಕೊಂಡರು. ಚುನಾವಣೆಯ ವರ್ಷ, ಜನ ತೀರ್ಮಾನಿಸಲಿ ಎಂದು ಸೆನೆಟ್‌ನ ರಿಪಬ್ಲಿಕನ್ ನಾಯಕ ಮಿಚ್ ಮೆಕಾನೆಲ್, ಆ ಜಾಗಕ್ಕೆ ಡೆಮಾಕ್ರಾಟ್ ಅಧ್ಯಕ್ಷ ಒಬಾಮಾ ಸೂಚಿಸಿದ ಮೆರಿಕ್ ಗಾರ್ಲೆಂಡ್ ಹೆಸರನ್ನು ವಿಚಾರಣೆಗೇ ತರಲಿಲ್ಲ. 2020ರ ಸೆಪ್ಟೆಂಬರ್ 18ರಂದು ಅದೇ ಕೋರ್ಟಿನ ನ್ಯಾಯಮೂರ್ತಿ ಗಿನ್ಸ್‌ಬರ್ಗ್ ತೀರಿಕೊಂಡರು. ಮತದಾನಕ್ಕೆ ಎಂಟು ದಿನ ಇದ್ದಾಗ, ಅಕ್ಟೋಬರ್ 26ರಂದು, ಅದೇ ನಾಯಕನ ಸೆನೆಟ್ ಅವರ ಜಾಗಕ್ಕೆ ಏಮಿ ಕೋನಿ ಬ್ಯಾರೆಟ್‌ಗೆ ಒಪ್ಪಿಗೆ ಕೊಟ್ಟಿತು. ಈ ಸಲ ಅಧ್ಯಕ್ಷರೂ ಸೆನೆಟ್ಟೂ ಒಂದೇ ಪಕ್ಷ ಎಂಬುದು ಅವರ ಸಮರ್ಥನೆ. ಡೆಮಾಕ್ರಾಟರೂ ತಿರುಗಿದರು: 2016ರಲ್ಲಿ ಈಗಲೇ ಆಗಲಿ ಎಂದವರು 2020ರಲ್ಲಿ ಕಾಯಿರಿ ಎಂದರು. ನಿಮ್ಮ ನೆಚ್ಚಿನ ಚಾನೆಲ್ ಎರಡೂ ಪಕ್ಷದ ಎರಡೂ ವರ್ಷದ ಮಾತನ್ನು ಒಟ್ಟಿಗಿಟ್ಟಿತೇ, ಹುಡುಕಿ ನೋಡಿ.

ವಿವಾದದ ವಿಷಯದಲ್ಲಿ ಬೇರೆ ಬೇರೆ ಕಡೆಯ ಮಾತನ್ನೂ ಕೇಳಿಸಬೇಕು ಎಂಬ ಸಮತೋಲನದ ನಿಯಮವನ್ನು ಅಮೆರಿಕ 1987ರಲ್ಲಿ ಕೈಬಿಟ್ಟದ್ದೇ ಎಲ್ಲಕ್ಕೂ ಕಾರಣ ಎನ್ನುವವರೂ ಇದ್ದಾರೆ. 1949ರ ಆ ನಿಯಮ ಇದ್ದದ್ದು ಗಾಳಿಯಲ್ಲಿ ಬಿತ್ತರಿಸುವ ರೇಡಿಯೊ, ಟಿವಿಗೆ. ಪತ್ರಿಕೆಗಳಿಗೆ ಅದು ಎಂದೂ ಅನ್ವಯಿಸಲಿಲ್ಲ, ಮತ್ತು ಇವರು ಬೈಯುವುದು ಕೇಬಲ್ ಚಾನೆಲ್‌ಗಳನ್ನು.

ನೋಡುವ ಕಣ್ಣಿನದೂ ಪಾಲಿದೆ. ಲೆಬನಾನಿನ ಬೈರುತ್‌ನಲ್ಲಿ 1982ರಲ್ಲಿ ನಡೆದ ಪ್ಯಾಲೆಸ್ಟೀನಿ ನಿರಾಶ್ರಿತರ ಹತ್ಯಾಕಾಂಡದ ಟಿವಿ ವರದಿಗಳನ್ನು ಸ್ಟ್ಯಾನ್‌ಫರ್ಡ್ ಸಂಶೋಧಕರು ವಿದ್ಯಾರ್ಥಿಗಳಿಗೆ ತೋರಿಸಿದರು. ಫಲಿತಾಂಶ 1985ರಲ್ಲಿ ಪ್ರಕಟವಾಯಿತು. ಇಸ್ರೇಲ್ ಪರ ಇದ್ದವರೂ ಅರಬ್ಬರ ಪರ ಇದ್ದವರೂ ಅದೇ ತುಣುಕುಗಳನ್ನು ನೋಡಿ, ಇದು ನಮಗೆ ವಿರುದ್ಧವಾಗಿದೆ ಎಂದರು.

ನನ್ನನ್ನು ಯಾರೂ ಕೇಳದ ಪ್ರಶ್ನೆ ಒಂದಿದೆ: ತಪ್ಪು ಮಾಡಿದ ಮೇಲೆ ಅವರು ಏನು ಮಾಡಿದರು? ಸಿಬಿಎಸ್ ಚಾನೆಲ್ 2004ರ ಸೆಪ್ಟೆಂಬರ್ 8ರಂದು ಆಗಿನ ಅಧ್ಯಕ್ಷ ಬುಷ್ ಅವರ ಸೇನಾ ಸೇವೆ ಕುರಿತು, ಅಸಲಿ ಎಂದು ಸಾಬೀತುಪಡಿಸಲಾಗದ ದಾಖಲೆಗಳನ್ನು ತೋರಿಸಿತು. ಹನ್ನೆರಡು ದಿನ ಸಮರ್ಥಿಸಿಕೊಂಡು ಆಮೇಲೆ ಕ್ಷಮೆ ಕೇಳಿತು, ಹೊರಗಿನವರಿಂದ ತನಿಖೆ ಮಾಡಿಸಿತು, ನಿರ್ಮಾಪಕಿಯನ್ನು ಕೆಲಸದಿಂದ ತೆಗೆಯಿತು. ಫಾಕ್ಸ್ 2020ರ ಚುನಾವಣೆಯ ಬಗ್ಗೆ ತಾನು ಬಿತ್ತರಿಸಿದ ಸುಳ್ಳು ಆರೋಪಗಳಿಗಾಗಿ ಮತಯಂತ್ರ ಕಂಪನಿ ಡೊಮಿನಿಯನ್‌ಗೆ 2023ರಲ್ಲಿ 78.75 ಕೋಟಿ ಡಾಲರ್ ಕೊಟ್ಟು ರಾಜಿಯಾಯಿತು. ಪರದೆಯ ಮೇಲೆ ಕ್ಷಮೆ ಕೇಳಬೇಕೆಂಬ ಷರತ್ತು ಅದರಲ್ಲಿ ಇರಲಿಲ್ಲ. ಪತ್ರಿಕೆಯಾದರೆ ಲೇಖನದ ತಳದಲ್ಲಿ ತಿದ್ದುಪಡಿ ಇದೆಯೇ ನೋಡಿ. ಚಾನೆಲ್ ಆದರೆ, ತಪ್ಪು ಹೇಳಿದ ನಿರೂಪಕರೇ ಅದೇ ಹೊತ್ತಿನ ಕಾರ್ಯಕ್ರಮದಲ್ಲಿ ತಿದ್ದಿ ಹೇಳಿದರೇ ನೋಡಿ.