ರಕ್ತ ಕಮ್ಮಿ ಇದ್ದವರಿಗೆ ಬೆಲ್ಲವೋ, ರಾಜಗಿರಿ ಪಲ್ಯವೋ?

"ರಕ್ತ ಕಮ್ಮಿ ಐತಿ ಅಂದಾರ್ರೀ. ದಿನಾ ಶೇಂಗಾ-ಬೆಲ್ಲ ತಿಂದ್ರ ಸಾಕಾಗಂಗಿಲ್ಲೇನ್ರಿ?"

ಬಾಗಲಕೋಟೆ ಕಡೆ ಹಿಮೋಗ್ಲೋಬಿನ್ ರಿಪೋರ್ಟ್ ಕೈಗೆ ಬಂದ ಕೂಡಲೇ ಕೇಳುವ ಪ್ರಶ್ನೆ ಇದು. ಮುಧೋಳ, ಮಹಾಲಿಂಗಪುರದ ಬೆಲ್ಲ ಮನೆಮನೆಯಲ್ಲೂ ಇರುವಾಗ ಹಾಗನಿಸುವುದು ಸಹಜ. ಆದರೆ ಸಾಕಾಗುವುದಿಲ್ಲ. ರಾಜಗಿರಿ ಸೊಪ್ಪನ್ನು (ದಂಟಿನ ಸೊಪ್ಪು, ಹರಿವೆ) ನೆಚ್ಚಿಕೊಳ್ಳುವುದು ಮೇಲು.

ತೂಕಕ್ಕೆ ತೂಕ ಹಿಡಿದರೆ ಎರಡೂ ಸಮ. 100 ಗ್ರಾಂ ಬೆಲ್ಲದಲ್ಲೂ 100 ಗ್ರಾಂ ಹಸಿ ರಾಜಗಿರಿಯಲ್ಲೂ ಕಬ್ಬಿಣದ ಅಂಶ ಸುಮಾರು 4.6 ಮಿಲಿಗ್ರಾಂ. ಆದರೆ ಅಷ್ಟು ಸೊಪ್ಪು ಬೆಂದರೆ ಒಬ್ಬರ ಊಟಕ್ಕೆ ಆಗುವಷ್ಟು ಪಲ್ಯ, ಅದರಲ್ಲಿ 35 ಕ್ಯಾಲೊರಿಯೂ ಇರುವುದಿಲ್ಲ. ಅಷ್ಟೇ ಬೆಲ್ಲ ತಿಂದರೆ 350ಕ್ಕೂ ಹೆಚ್ಚು, ಬಹುಪಾಲು ಬರೀ ಸಕ್ಕರೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ದಿನಕ್ಕೆ 2000 ಕ್ಯಾಲೊರಿ ಉಣ್ಣುವವರಿಗೆ ಬೆಲ್ಲ, ಸಕ್ಕರೆ, ಜೇನು ಎಲ್ಲ ಸೇರಿ 50 ಗ್ರಾಂ ದಾಟಬಾರದು, 25ರೊಳಗಿದ್ದರೆ ಇನ್ನೂ ಒಳ್ಳೆಯದು. 20 ಗ್ರಾಂ ಬೆಲ್ಲದಿಂದ ಸಿಗುವ ಕಬ್ಬಿಣ 1 ಮಿಲಿಗ್ರಾಂ ಕೂಡ ಆಗದು. ವಯಸ್ಕ ಹೆಣ್ಣುಮಗಳಿಗೆ ದಿನಕ್ಕೆ ಬೇಕಾದದ್ದು 29. ಸಕ್ಕರೆ ಕಾಯಿಲೆ ಇದ್ದವರಂತೂ ಬೆಲ್ಲವನ್ನು ಔಷಧಿ ಎಂದುಕೊಳ್ಳಲೇಬಾರದು.

ಬೆಲ್ಲದ ಕಬ್ಬಿಣ ಎಲ್ಲ ಪೆಂಟೆಯಲ್ಲೂ ಒಂದೇ ಇರುವುದಿಲ್ಲ. ಒಂದಿಷ್ಟು ಕಬ್ಬಿನ ಹಾಲಿನದು, ಒಂದಿಷ್ಟು ಕುದಿಸುವ ಕಬ್ಬಿಣದ ಕೊಪ್ಪರಿಗೆಯಿಂದ ಇಳಿದದ್ದು. ಕೊಳೆ ತೆಗೆಯಲು ಹಾಕುವ ಸುಣ್ಣದಿಂದ ಸ್ವಲ್ಪ ಕ್ಯಾಲ್ಸಿಯಂ ಸೇರುತ್ತದೆ. ಹಳದಿ ಹೊಳಪಿಗಾಗಿ ಹೈಡ್ರೋಸ್ ಎಂಬ ರಾಸಾಯನಿಕ ಪುಡಿ ಹಾಕುವ ಕಡೆ ಗಂಧಕದ ಅಂಶವೂ ಉಳಿಯುತ್ತದೆ. ತಿನ್ನುವುದಾದರೆ ಕಂದು ಬಣ್ಣದ್ದನ್ನೇ ಕೊಳ್ಳಿ.

ರಾಜಗಿರಿಯಲ್ಲಿ ಬೆಲ್ಲದಿಂದ ಹೆಚ್ಚು ಸಿಗದ ಎರಡು ಅಂಶಗಳಿವೆ: ರಕ್ತಕಣ ತಯಾರಾಗಲು ಬೇಕಾದ ಫೋಲೇಟ್, ಕಬ್ಬಿಣ ಮೈಗೆ ಹತ್ತಲು ನೆರವಾಗುವ ವಿಟಮಿನ್ ಸಿ. ಎರಡನ್ನೂ ನಾವೇ ಒಲೆಯ ಮುಂದೆ ಕಳೆಯುತ್ತೇವೆ. ಹೆಚ್ಚಿದ ಮೇಲೆ ತೊಳೆದರೆ ನೀರಿನಲ್ಲಿ ಹೋಗುತ್ತವೆ, ಬೇಯಿಸಿ ನೀರು ಬಸಿದರೆ ಮತ್ತಷ್ಟು ಹೋಗುತ್ತವೆ. ಹೀಗೆ ಮಾಡಿ: ಸೊಪ್ಪನ್ನು ಸೋಸಿ, ಎಳೆ ದಂಟು ಬಿಸಾಡದೆ, ದೊಡ್ಡ ಪಾತ್ರೆಯ ನೀರಲ್ಲಿ ಅದ್ದಿ ಮೇಲಕ್ಕೆತ್ತಿ. ಸೊಪ್ಪು ಒಳಗಿರುವಾಗಲೇ ನೀರು ಬಗ್ಗಿಸಬೇಡಿ, ತಳಕ್ಕಿಳಿದ ಮಣ್ಣು ಮತ್ತೆ ಸೊಪ್ಪಿಗೇ ಹತ್ತುತ್ತದೆ. ಮೂರು ಸಲ ನೀರು ಬದಲಿಸಿ, ಆಮೇಲೆ ಹೆಚ್ಚಿ. ಬಳ್ಳೊಳ್ಳಿ ಒಗ್ಗರಣೆಗೆ ಹಾಕಿ ಐದಾರು ನಿಮಿಷ ಬಾಡಿಸಿದರೆ ಸಾಕು, ಅದರದೇ ನೀರಲ್ಲಿ ಬೇಯುತ್ತದೆ. ಕೆಳಗಿಳಿಸಿದ ಮೇಲೆ ಅರ್ಧ ನಿಂಬೆಹಣ್ಣು ಹಿಂಡಿ. ಕುದಿಯುವಾಗಲೇ ಹಿಂಡಿದರೆ ವಿಟಮಿನ್ ಸಿ ಹಾಳಾಗುತ್ತದೆ.

ರೊಟ್ಟಿ-ಪಲ್ಯ ಉಂಡ ಬೆನ್ನಿಗೇ ಚಹಾ ಕುಡಿಯಬೇಡಿ. ಅದರಲ್ಲಿರುವ ಟ್ಯಾನಿನ್ ಎಂಬ ಒಗರು ಅಂಶ ಕಬ್ಬಿಣವನ್ನು ಹಿಡಿದಿಟ್ಟುಬಿಡುತ್ತದೆ. ಒಂದು ಗಂಟೆಯಾದರೂ ಬಿಡಿ.

ಬೀಟ್‌ರೂಟ್ ಬಗ್ಗೆಯೂ ಕೇಳುತ್ತಾರೆ. ಬಣ್ಣ ಕೆಂಪು, ಕಬ್ಬಿಣ 100 ಗ್ರಾಂಗೆ 1 ಮಿಲಿಗ್ರಾಂಗಿಂತ ಕಡಿಮೆ.

ರಾಜಗಿರಿಯ ಕಬ್ಬಿಣವೂ ಪೂರ್ತಿ ಮೈಗೆ ಹತ್ತುವುದಿಲ್ಲ. ಆದ್ದರಿಂದ ವೈದ್ಯರು ಗುಳಿಗೆ ಬರೆದಿದ್ದರೆ ಪಲ್ಯದ ಜೊತೆಗೆ ಅದನ್ನೂ ನುಂಗಲೇಬೇಕು. ಬಸುರಿಯರಿಗೆ ಸರ್ಕಾರ ಕೊಡುವ ಗುಳಿಗೆಯಲ್ಲಿ 60 ಮಿಲಿಗ್ರಾಂ ಕಬ್ಬಿಣವಿದೆ. ಅಷ್ಟನ್ನು ಬೆಲ್ಲದಿಂದಲೇ ಪಡೆಯಬೇಕೆಂದರೆ ದಿನಕ್ಕೆ ಒಂದೂಕಾಲು ಕಿಲೋ ಮೀರಿ ತಿನ್ನಬೇಕು. ಗುಳಿಗೆ ಹಾಲಿನ ಜೊತೆ ಬೇಡ. ಕ್ಯಾಲ್ಸಿಯಂ ಗುಳಿಗೆಯೂ ಇದ್ದರೆ ಒಂದು ಬೆಳಿಗ್ಗೆ, ಇನ್ನೊಂದು ರಾತ್ರಿ ಇರಲಿ.